ಬೆಂಕಿ ದಾಟಿದ ಮೇಲೆ ಹುಟ್ಟುವ ಸದ್ದು

ಕೇಳುಗರಿಗೆ ನಮಸ್ಕಾರ.

ವಿರಾಜಪೇಟೆ ಕಡೆಯವರು ಈಗ ವಿಮಾನ ಹತ್ತಬೇಕಾದರೆ ಮಾಕುಟ್ಟ ಘಾಟಿ ಇಳಿದು ಕಣ್ಣೂರಿಗೆ ಹೋಗುತ್ತಾರೆ. 2018ರಲ್ಲಿ ಆ ನಿಲ್ದಾಣ ಶುರುವಾದ ಮೇಲೆ ವಿಮಾನ ನಮಗೆ ಹತ್ತಿರವಾಗಿದೆ. ಆ ಇಂಜಿನ್ನಿನ ಸದ್ದಿನಲ್ಲಿ ಹಲವು ಸದ್ದುಗಳು ಸೇರಿಕೊಂಡಿವೆ. ಅದರಲ್ಲಿ ಒಂದರ ಬಗ್ಗೆ ಇವತ್ತು ಹೇಳುತ್ತೇನೆ. ಬಹಳ ಕಾಲ ಯಾರ ಕಿವಿಗೂ ಬೇರೆಯಾಗಿ ಬೀಳದ ಸದ್ದು ಅದು.

ಮೊದಲು ಜೋರಾಗಿ ಕೇಳುತ್ತಿದ್ದದ್ದು ಹಿಂದಿನಿಂದ ನುಗ್ಗುವ ಗಾಳಿಯ ಅಬ್ಬರ. ಅದರ ಶಕ್ತಿ ಗಾಳಿಯ ವೇಗದ ಎಂಟನೇ ಘಾತದಂತೆ ಏರುತ್ತದೆ ಎಂದು 1952ರಲ್ಲಿ ಜೇಮ್ಸ್ ಲೈಟ್‌ಹಿಲ್ ತೋರಿಸಿದರು. ವೇಗ ಎರಡು ಪಟ್ಟಾದರೆ ಸದ್ದಿನ ಶಕ್ತಿ 256 ಪಟ್ಟು! ಹಾಗಾಗಿ ಹೊಸ ಇಂಜಿನ್‌ಗಳು ಜಾಸ್ತಿ ಗಾಳಿಯನ್ನು ನಿಧಾನಕ್ಕೆ ತಳ್ಳುತ್ತವೆ. ಹೊರಗಿನ ಅಬ್ಬರ ತಗ್ಗಿತು. ಆಗ ಒಳಗಿನ ಸದ್ದು ಕೇಳತೊಡಗಿತು.

ಒಳಗೆ ಬೆಂಕಿ ಇದೆ. ಜ್ವಾಲೆ ಏರಿಳಿದಾಗ ಅನಿಲ ಹಿಗ್ಗಿ ಸುತ್ತಲಿನದನ್ನು ತಳ್ಳುತ್ತದೆ, ಸದ್ದಾಗುತ್ತದೆ. ಇದು ನೇರವಾದ ಸದ್ದು, ಅರ್ಥವಾಗುತ್ತದೆ. ಆದರೆ ಜ್ವಾಲೆ ಎಲ್ಲ ಕಡೆ ಒಂದೇ ಸಮ ಉರಿಯುವುದಿಲ್ಲ. ಒಂದಷ್ಟು ಅನಿಲ ಜಾಸ್ತಿ ಬಿಸಿಯಾಗಿ, ಒಂದಷ್ಟು ಕಡಿಮೆ ಬಿಸಿಯಾಗಿ ಹೊರಡುತ್ತದೆ. ಈ ಬಿಸಿ ತುಣುಕುಗಳ ಒತ್ತಡ ಅಕ್ಕಪಕ್ಕದ ಅನಿಲದಷ್ಟೇ ಇರುತ್ತದೆ. ಹರಿವು ಒಂದೇ ವೇಗದಲ್ಲಿ ಸಾಗುವವರೆಗೆ ಅವು ಸುಮ್ನೆ ತೇಲಿಕೊಂಡು ಹೋಗುತ್ತವೆ. ಸದ್ದೇ ಇಲ್ಲ.

ಆಮೇಲೆ ನಾಜಲ್ ಬರುತ್ತದೆ. ಕಾಫಿ ತೋಟಕ್ಕೆ ಬೋರ್ಡೋ ಹೊಡೆಯುವಾಗ ಸ್ಪ್ರೇಯರ್ ತುದಿಯಲ್ಲಿ ನೋಡಿರುತ್ತೀರಿ ಅಲ್ವಾ, ಕಿರಿದಾಗುವ ದಾರಿ. ಇಂಜಿನ್ನಿನಲ್ಲಿ ಟರ್ಬೈನಿನ ಅಲಗುಗಳ ನಡುವಿನ ಸಂದೂ ಇದೇ ಕೆಲಸ ಮಾಡುತ್ತದೆ. ಅಲ್ಲಿ ಒತ್ತಡ ಇಳಿಯುತ್ತಾ ಹೋಗುತ್ತದೆ, ಅನಿಲ ವೇಗ ಪಡೆಯುತ್ತದೆ. ಬಿಸಿ ತುಣುಕು ಹಗುರ. ಅಷ್ಟೇ ತಳ್ಳುವಿಕೆಗೆ ಅದು ಉಳಿದವಕ್ಕಿಂತ ಬೇಗ ಓಡುತ್ತದೆ. ಮುಂದಿನದನ್ನು ಒತ್ತುತ್ತದೆ, ಹಿಂದೆ ಒತ್ತಡ ತಗ್ಗಿಸುತ್ತದೆ. ಒಂದು ಅಲೆ ಮುಂದಕ್ಕೆ, ಇನ್ನೊಂದು ಜ್ವಾಲೆಯ ಕಡೆಗೆ. ಸದ್ದು ಹುಟ್ಟಿದ್ದು ಇಲ್ಲಿ, ಬೆಂಕಿಯಿಂದ ದೂರದಲ್ಲಿ. ನನಗಂತೂ ಇದು ಎಷ್ಟು ಸಲ ಯೋಚಿಸಿದರೂ ಬೆರಗು.

ಇದನ್ನು ಲೆಕ್ಕಕ್ಕೆ ತಂದವರು ಫ್ರಾಂಕ್ ಮಾರ್ಬಲ್ ಮತ್ತು ಸೆಬಾಸ್ಟಿಯನ್ ಕಾಂಡೆಲ್, 1977ರಲ್ಲಿ. ಅವರು ಒಂದು ಸರಳ ಊಹೆ ಇಟ್ಟುಕೊಂಡರು. ಅಲೆಗಳ ಉದ್ದದ ಮುಂದೆ ನಾಜಲ್ ತೀರಾ ಚಿಕ್ಕದು, ಒಳಗೆ ಬಂದದ್ದೆಲ್ಲ ಆ ಕ್ಷಣವೇ ಹೊರಗೆ ಹೋಗುತ್ತದೆ. ಬಂದ ಉತ್ತರ ಸೊಗಸಾಗಿದೆ. ಮುಂದಕ್ಕೆ ಹೋಗುವ ಈ ಸದ್ದು, ನಾಜಲ್‌ನ ಎರಡು ತುದಿಗಳ ಮ್ಯಾಕ್ ಸಂಖ್ಯೆಯ ವ್ಯತ್ಯಾಸಕ್ಕೆ ತಕ್ಕಷ್ಟು ಇರುತ್ತದೆ. ಮ್ಯಾಕ್ ಸಂಖ್ಯೆ ಅಂದರೆ ಹರಿವಿನ ವೇಗ ಶಬ್ದದ ವೇಗದ ಎಷ್ಟು ಪಟ್ಟು ಎಂಬ ಲೆಕ್ಕ. ಪೊನ್ನಂಪೇಟೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಯಾರಾದರೂ ಕೇಳುತ್ತಿದ್ದರೆ, ಪೆನ್ನು ಕಾಗದ ಹಿಡಿದು ಇದನ್ನು ಬಿಡಿಸಿ ನೋಡಿ. ಕಂಪ್ಯೂಟರ್ ಬೇಡ.

ಆದರೆ ಆ ಊಹೆ ಎಲ್ಲಿಯವರೆಗೆ ನಡೆಯುತ್ತದೆ? ಅನಿಲ ಸೆಕೆಂಡಿಗೆ 50 ಮೀಟರ್ ಓಡುತ್ತಿದೆ, ಆ ಬಿಸಿ ಅನಿಲದಲ್ಲಿ ಶಬ್ದ 800 ಮೀಟರ್ ಅಂದುಕೊಳ್ಳಿ. 100 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 100 ಅಲೆ) ಶಬ್ದದ ಅಲೆ 8 ಮೀಟರ್ ಉದ್ದ, ಬಿಸಿ ತುಣುಕುಗಳ ಅಲೆ ಅರ್ಧ ಮೀಟರ್ ಮಾತ್ರ. 500 ಹರ್ಟ್ಸ್‌ಗೆ ಅದು 10 ಸೆಂಟಿಮೀಟರ್‌ಗೆ ಇಳಿಯುತ್ತದೆ. ಆಗ ನಾಜಲ್ ಚಿಕ್ಕದು ಎನ್ನಲು ಆಗುವುದಿಲ್ಲ. ಅದರ ಉದ್ದಕ್ಕೂ ಹೆಜ್ಜೆ ಹೆಜ್ಜೆಗೆ ಸಮೀಕರಣ ಬಿಡಿಸಬೇಕು.

ಪ್ರಯೋಗವೂ ಬೇಕಲ್ಲ. ಬರ್ಲಿನ್ನಿನ ಗುಂಪೊಂದು ಬೆಂಕಿಯೇ ಇಲ್ಲದೆ ಇದನ್ನು ಮಾಡಿ 2009ರಲ್ಲಿ ಪ್ರಕಟಿಸಿತು. ಕೊಳವೆಯಲ್ಲಿ ತೆಳು ತಂತಿಗಳು, ಮುಂದೆ 7.5 ಮಿಲಿಮೀಟರ್ ಕಂಠದ ನಾಜಲ್. ತಂತಿಗೆ ಕ್ಷಣಕಾಲ ಕರೆಂಟ್ ಬಿಟ್ಟು ಹರಿಯುವ ಗಾಳಿಯನ್ನು ಸುಮಾರು 10 ಡಿಗ್ರಿ ಬಿಸಿ ಮಾಡಿದರು. ಆ ಗಾಳಿ ನಾಜಲ್ ದಾಟಿದಾಗ ಮೈಕ್ರೊಫೋನಿಗೆ ಸದ್ದು ಸಿಕ್ಕಿತು. ಕೊಳವೆಯ ತುದಿಯಿಂದ ಮರಳಿ ಬರುವ ಅಲೆಯನ್ನೂ ಲೆಕ್ಕಕ್ಕೆ ಸೇರಿಸದೆ ಆ ಅಳತೆ ಸರಿಹೊಂದುವುದಿಲ್ಲ ಎಂದು ಆಮೇಲಿನ ಲೆಕ್ಕಾಚಾರಗಳು ತೋರಿಸಿದವು.

ಇನ್ನೊಂದು ತಕರಾರು ಇದೆ. ಗೋಡೆಯ ಹತ್ತಿರ ಹರಿವು ನಿಧಾನ, ನಡುವೆ ಜೋರು. ಬಿಸಿ ತುಣುಕು ಎಳೆದಾಡಿ ಹರಡಿಹೋಗುತ್ತದೆ. ನಾಜಲ್ ಮುಟ್ಟುವಾಗ ಏನೂ ಉಳಿಯುವುದಿಲ್ಲ ಎಂಬ ಮಾತಿತ್ತು. 2013ರಲ್ಲಿ ಏಮಿ ಮಾರ್ಗನ್ಸ್ ಮತ್ತು ಜೊತೆಗಾರರು ಕಂಪ್ಯೂಟರಿನಲ್ಲಿ ಹರಿವನ್ನು ಬಿಡಿಸಿ ನೋಡಿದರು. ಹರಡುವುದು ನಿಜ, ಆದರೂ ಸಾಕಷ್ಟು ಉಳಿಯಬಹುದು ಎಂದು ತಿಳಿಯಿತು.

ಉಳಿದರೆ ಏನು? ಹಿಂದಕ್ಕೆ ಹೋದ ಅಲೆ ಜ್ವಾಲೆಯನ್ನು ಅಲುಗಿಸುತ್ತದೆ. ಅಲುಗಿದ ಜ್ವಾಲೆ ಹೊಸ ಬಿಸಿ ತುಣುಕು ಕಳಿಸುತ್ತದೆ. ಅರ್ಧ ಮೀಟರ್ ದಾರಿಗೆ ತುಣುಕು 10 ಮಿಲಿಸೆಕೆಂಡ್ ತೆಗೆದುಕೊಂಡರೆ, ಅಲೆ ಒಂದು ಮಿಲಿಸೆಕೆಂಡಿನೊಳಗೆ ಮರಳುತ್ತದೆ. ಅಂದರೆ ಸುಮಾರು 90 ಹರ್ಟ್ಸ್‌ನ ಗುಡುಗು. ಹೊಂದಿಕೆ ಕೂಡಿಬಂದರೆ ಅದು ಸುತ್ತು ಸುತ್ತಿಗೂ ಬೆಳೆದು ಉರಿಕೋಣೆಯ ಲೋಹವನ್ನೇ ದಣಿಸುತ್ತದೆ.