ಹಲ್ಲುಜ್ಜುವಾಗ ರಕ್ತ ಬಂದರೆ

ಕೇಳುಗರಿಗೆ ನಮಸ್ಕಾರ.

ಹೋದ ಮಳೆಗಾಲದಲ್ಲಿ ಪೆರ್ಲದ ಕಡೆಯ ಅಡಿಕೆ ಕೃಷಿಕರೊಬ್ಬರು ಕಾಸರಗೋಡು ಜಿಲ್ಲೆಯ ಬದಿಯಡ್ಕದ ನನ್ನ ಹಲ್ಲಿನ ಕ್ಲಿನಿಕ್ಕಿಗೆ ಬಂದರು. ಅರವತ್ತರ ಆಸುಪಾಸಿನವರು. ಕುರ್ಚಿಯಲ್ಲಿ ಕೂತವರೇ ಕೆಳಸಾಲಿನ ಮುಂಭಾಗದ ಒಂದು ಹಲ್ಲನ್ನು ಬೆರಳಲ್ಲಿ ಅಲ್ಲಾಡಿಸಿ ತೋರಿಸಿದರು. "ಡಾಕ್ಟ್ರೇ, ಇದೊಂದನ್ನು ಕಿತ್ತುಬಿಡಿ. ನೋವೇನೂ ಇಲ್ಲ, ಉಣ್ಣುವಾಗ ಅಡ್ಡ ಬರ್ತದೆ ಅಷ್ಟೇ." ಹಲ್ಲುಜ್ಜುವಾಗ ರಕ್ತ ಬರುವುದುಂಟಾ ಎಂದು ಕೇಳಿದೆ. "ಅದು ಆರೇಳು ವರ್ಷದಿಂದ ಉಂಟಲ್ಲ! ಅದಕ್ಕೇ ಬ್ರಶ್ ಬಿಟ್ಟೆ. ಈಗ ಬೆರಳಲ್ಲೇ ಮೆಲ್ಲ ಉಜ್ಜುವುದು."

ಆ ಎರಡು ಮಾತಿನಲ್ಲಿ ವಸಡಿನ ರೋಗದ ಕತೆಯೆಲ್ಲ ಇದೆ. ಹುಳುಕು ಹಲ್ಲು ರಾತ್ರಿ ನಿದ್ದೆಗೆಡಿಸುತ್ತದೆ, ಬೆಳಗಾಗುವಾಗ ನಮ್ಮನ್ನು ಡಾಕ್ಟರರ ಬಾಗಿಲಿಗೆ ತಂದು ನಿಲ್ಲಿಸುತ್ತದೆ. ವಸಡಿನ ರೋಗ ಹಾಗಲ್ಲ. ವರ್ಷಗಟ್ಟಲೆ ನೋವೇ ಕೊಡದೆ ಒಳಗೊಳಗೆ ಕೆಲಸ ಮಾಡುತ್ತದೆ. ಮೊದಮೊದಲು ಅದು ಕೊಡುವ ಸೂಚನೆ ಒಂದೇ, ಉಗುಳಿದ ನೀರಿನಲ್ಲಿ ಕಾಣುವ ಕೆಂಪು. ಅದನ್ನು ಕಂಡು ನಾವು ಹೆದರಿ ಉಜ್ಜುವುದನ್ನೇ ಬಿಡುತ್ತೇವೆ. ಉಜ್ಜದಿದ್ದರೆ ರೋಗ ಇನ್ನಷ್ಟು ಬಲಿಯುತ್ತದೆ.

ಮಳೆಗಾಲದಲ್ಲಿ ನಮ್ಮ ಅಂಗಳದ ಮುರಕಲ್ಲಿಗೆ ಪಾಚಿ ಕಟ್ಟುತ್ತದಲ್ಲ, ಹಾಗೆಯೇ ಹಲ್ಲು ಮತ್ತು ವಸಡು ಕೂಡುವ ಗೆರೆಯಲ್ಲಿ ದಿನವೂ ಒಂದು ಮೆತ್ತನೆಯ ಪದರ ಕಟ್ಟುತ್ತದೆ. ಅದರ ತುಂಬ ರೋಗಾಣುಗಳು. ಬರೀ ನೀರು ಮುಕ್ಕಳಿಸಿದರೆ ಹೋಗುವುದಿಲ್ಲ, ತಿಕ್ಕಿಯೇ ತೆಗೆಯಬೇಕು. ಬಿಟ್ಟರೆ ಕೆಲವೇ ದಿನಗಳಲ್ಲಿ ಎಂಜಲಿನ ಖನಿಜಾಂಶ ಸೇರಿ ಗಟ್ಟಿಯಾಗಿ ಕಿಟ್ಟವಾಗುತ್ತದೆ. ಈಗ ಕೂತಲ್ಲೇ ನಾಲಿಗೆಯ ತುದಿಯನ್ನು ಕೆಳಗಿನ ಮುಂಹಲ್ಲುಗಳ ಒಳಬದಿಗೆ ತಾಗಿಸಿ ನೋಡಿ. ಎಂಜಲಿನ ಗ್ರಂಥಿಯ ಬಾಯಿ ಅಲ್ಲಿಯೇ ಹತ್ತಿರ ಇರುವುದರಿಂದ ಕಿಟ್ಟ ಮೊದಲು ಕೂರುವ ಜಾಗಗಳಲ್ಲಿ ಅದೂ ಒಂದು. ನುಣುಪಾಗಿರದೆ ತರಿತರಿಯಾಗಿದ್ದರೆ ಅದು ಹಲ್ಲಲ್ಲ, ಕಿಟ್ಟ.

1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಒಂದು ಸರಳ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವಸಡು ಚೆನ್ನಾಗಿದ್ದ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಉರಿಯೂತಕ್ಕೆ ಬಂತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಮೊದಲಿನಂತಾಯಿತು. ರಕ್ತ ಬರುವ ವಸಡಿಗೆ ಮೊದಲ ಮದ್ದು ಬ್ರಶ್ಶೇ ಎಂದು ನಾನು ಇಷ್ಟು ಗಟ್ಟಿಯಾಗಿ ಹೇಳುವುದು ಇದರ ಆಧಾರದಿಂದ.

ಆದರೆ ಮೊದಲಿನಂತಾಗುವುದು ರೋಗ ವಸಡಿನಲ್ಲೇ ಇರುವ ತನಕ ಮಾತ್ರ. ಇಳಿಜಾರಿನ ತೋಟದಲ್ಲಿ ಅಡಿಕೆ ಮರದ ಬುಡದ ಮಣ್ಣು ಕೊಚ್ಚಿಹೋದರೆ ಮೊದಲು ಬೇರು ಕಾಣುತ್ತದೆ, ಆಮೇಲೆ ಗಾಳಿಗೆ ಮರ ಓಲಾಡುತ್ತದೆ. ಹಲ್ಲಿನ ಬುಡದ ಎಲುಬು ಕರಗುವುದೂ ಹಾಗೆಯೇ. ಹಲ್ಲು ಉದ್ದವಾದಂತೆ ಕಾಣುತ್ತದೆ, ಸಂದು ಬಿಡುತ್ತದೆ, ಬಾಯಿ ವಾಸನೆ ಬರುತ್ತದೆ, ಒತ್ತಿದರೆ ಕೀವು ಬರುತ್ತದೆ. ನಾವು ಗುರುತು ಹಾಕಿದ ಸಪುರ ಕಡ್ಡಿಯಿಂದ ವಸಡು ಮತ್ತು ಹಲ್ಲಿನ ನಡುವಿನ ಆಳ ಅಳೆಯುತ್ತೇವೆ. 3 ಮಿಲಿಮೀಟರಿನವರೆಗೆ ಸರಿ. ಆ ಹಿರಿಯರದ್ದು ಕೆಲವು ಕಡೆ 7 ಇತ್ತು. ಹೋದ ಎಲುಬು ಬಹುಮಟ್ಟಿಗೆ ಹೋದದ್ದೇ, ಉಳಿದದ್ದನ್ನು ಕಾಪಾಡಬಹುದು.

"ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗ್ತದಂತೆ" ಎಂದು ಅವರು ಹಿಂಜರಿದರು. ಈ ಮಾತನ್ನು ನಾನು ವಾರಕ್ಕೆ ನಾಲ್ಕು ಸಲವಾದರೂ ಕೇಳುತ್ತೇನೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಎಲುಬು ಕರಗಿದ ಹಲ್ಲುಗಳನ್ನು ಕಿಟ್ಟ ಸಿಮೆಂಟಿನಂತೆ ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ. ಅದನ್ನು ತೆಗೆದಾಗ ಮೊದಲೇ ಸಡಿಲವಾಗಿದ್ದದ್ದು ನಮಗೆ ತಿಳಿಯುತ್ತದೆ. ಊದಿದ ವಸಡು ಇಳಿದು ಸಂದು ಕಾಣುತ್ತದೆ. ನಾಲ್ಕಾರು ದಿನ ತಣ್ಣೀರು ಜುಮ್ಮೆನ್ನಿಸುತ್ತದೆ. ಹಲ್ಲು ಸವೆದದ್ದಲ್ಲ ಅದು. ಅವರ ಹಲ್ಲಿನಿಂದ ಬಂದ ಕಿಟ್ಟದ ಚೂರೊಂದನ್ನು ಹತ್ತಿಯ ಮೇಲಿಟ್ಟು ಕೈಗೆ ಕೊಟ್ಟೆ. ಅಕ್ಕಿಕಾಳಿನಷ್ಟು ದೊಡ್ಡದು, ಎಲೆಯಡಿಕೆಯ ಕಂದುಗೆಂಪು ಬಣ್ಣ, ಉಗುರಿನಿಂದ ಒತ್ತಿದರೂ ಪುಡಿಯಾಗದಷ್ಟು ಗಟ್ಟಿ. ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. "ಇದು ಬಾಯೊಳಗೆ ಇತ್ತಾ?" ಎಂದರು.

ಆಳ ಹೆಚ್ಚಿದ್ದಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಬೇರಿನ ಮೇಲಿನ ಕಿಟ್ಟವನ್ನೂ ಕೆರೆಯಬೇಕಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ವಸಡು ಬಿಡಿಸಿ ಶುಚಿಮಾಡುವ ಸಣ್ಣ ಶಸ್ತ್ರಕ್ರಿಯೆ ಉಂಟು. ಮಂಗಳೂರಿನ ಹತ್ತಿರದ ದೇರಳಕಟ್ಟೆಯ ದಂತ ಕಾಲೇಜುಗಳಲ್ಲಿ ವಸಡಿನ ತಜ್ಞರೇ ಇದ್ದಾರೆ. ಮೆಡಿಕಲ್ಲಿನಿಂದ ಆಂಟಿಬಯೋಟಿಕ್ ತಂದು ನುಂಗುವುದರಿಂದ ಕಿಟ್ಟ ಹೋಗುವುದಿಲ್ಲ. ಉಪ್ಪುನೀರು ಹಿತ ಕೊಡುತ್ತದೆ, ಅದೂ ಕಿಟ್ಟ ತೆಗೆಯುವುದಿಲ್ಲ.

ಎಲೆತಟ್ಟೆಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಅಡಿಕೆ ನಮ್ಮ ಅನ್ನ, ನನಗೆ ಗೊತ್ತು. ನಾನೂ ಅಡಿಕೆ ಸುಲಿಯುವ ಮನೆಯಲ್ಲೇ ಬೆಳೆದವನು. ಆದರೆ ಬಾಯಿಯ ಕ್ಯಾನ್ಸರಿಗೆ ಅಡಿಕೆಯೂ ಕಾರಣ, ಹೊಗೆಸೊಪ್ಪೂ ಕಾರಣ. ಹೊಗೆಸೊಪ್ಪು ಇಟ್ಟುಕೊಳ್ಳುವ ಜಾಗದಲ್ಲಿ ವಸಡು ಕೆಳಗೆ ಸರಿದು ಬೇರು ಹೊರಗೆ ಬಂದಿರುವುದನ್ನು ದಿನವೂ ನೋಡುತ್ತೇನೆ. ಬೀಡಿ ಸೇದುವವರಲ್ಲಿ ಇನ್ನೊಂದು ಮೋಸ ಉಂಟು. ಹೊಗೆ ವಸಡಿನ ರಕ್ತನಾಳಗಳನ್ನು ಕುಗ್ಗಿಸುವುದರಿಂದ ರೋಗವಿದ್ದರೂ ರಕ್ತ ಕಡಿಮೆ. ಇರುವ ಒಂದೇ ಸೂಚನೆಯೂ ಅಡಗಿಹೋಗುತ್ತದೆ.

ಸಕ್ಕರೆ ಕಾಯಿಲೆಯವರಿಗೆ ವಸಡು ಬೇಗ ಕೆಡುತ್ತದೆ, ಕೆಟ್ಟ ವಸಡಿನಿಂದ ಸಕ್ಕರೆ ಹತೋಟಿಗೆ ಬರುವುದೂ ಕಷ್ಟ. ಬಸುರಿಯರ ವಸಡು ಬೇಗ ಊದುತ್ತದೆ; ಅವರೂ ಧೈರ್ಯವಾಗಿ ಕ್ಲೀನ್ ಮಾಡಿಸಬಹುದು, ನಾಲ್ಕರಿಂದ ಆರನೇ ತಿಂಗಳು ಅನುಕೂಲ. ಬಿಪಿಯ ಅಮ್ಲೋಡಿಪಿನ್ ಮಾತ್ರೆಯಿಂದ ಕೆಲವರ ವಸಡು ದಪ್ಪವಾಗಿ ಬೆಳೆಯುತ್ತದೆ. ಮಾತ್ರೆ ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರರಿಗೆ ತಿಳಿಸಿ.

ನಮ್ಮ ಹಿರಿಯರು ಮಾವಿನೆಲೆ ಸುರುಳಿ ಸುತ್ತಿ ಉಜ್ಜುತ್ತಿದ್ದರು, ಉಮಿಕರಿಯಲ್ಲಿ ತಿಕ್ಕುತ್ತಿದ್ದರು. ಹಲ್ಲಿನ ಮುಖ ಬೆಳ್ಳಗಾಗುತ್ತಿತ್ತು ನಿಜ. ಆದರೆ ರೋಗ ಹುಟ್ಟುವ ಒಳಬದಿಗೂ ಸಂದಿಗೂ ಅವು ಮುಟ್ಟುವುದಿಲ್ಲ, ಉಮಿಕರಿಯ ತರಿ ಹಲ್ಲನ್ನು ಸವೆಸುತ್ತದೆ. ಮೆತ್ತನೆಯ ಬ್ರಶ್ ತೆಗೆದುಕೊಳ್ಳಿ. ಅದರ ಎಳೆಗಳನ್ನು ವಸಡಿನ ಗೆರೆಗೆ ಓರೆಯಾಗಿಟ್ಟು, ಇದ್ದಲ್ಲೇ ಸಣ್ಣಗೆ ಅಲ್ಲಾಡಿಸಿ, ಆಮೇಲೆ ಹಲ್ಲಿನ ತುದಿಯತ್ತ ಎಳೆಯಿರಿ. ಎರಡು ನಿಮಿಷ ಸಾಕು, ಒಳಬದಿ ಮರೆಯಬೇಡಿ. ರಾತ್ರಿ ಮಲಗುವ ಮೊದಲಿನದ್ದನ್ನು ತಪ್ಪಿಸಲೇಬೇಡಿ. ಸಂದು ಬಿಟ್ಟವರಿಗೆ ಸಂದಿಗೆಂದೇ ಸಣ್ಣ ಬ್ರಶ್ ಸಿಗುತ್ತದೆ. ಹೀಗೆ ಎರಡು ವಾರ ಉಜ್ಜಿದ ಮೇಲೂ ರಕ್ತ ಬರುತ್ತಿದ್ದರೆ ದಂತವೈದ್ಯರಿಗೆ ತೋರಿಸಿ. ನಮ್ಮ ಗಡಿನಾಡಿನಲ್ಲಿ ಆರೋಗ್ಯದ ಕರಪತ್ರಗಳು ಹೆಚ್ಚಾಗಿ ಮಲಯಾಳದಲ್ಲೇ ಬರುವುದರಿಂದ ಮನೆಯ ಹಿರಿಯರಿಗೆ ಇದನ್ನೆಲ್ಲ ನೀವೇ ಹೇಳಿಕೊಡಬೇಕಾಗುತ್ತದೆ.

ಆ ಕೃಷಿಕರ ಒಂದು ಹಲ್ಲು ಉಳಿಯಲಿಲ್ಲ, ಕೀಳಬೇಕಾಯಿತು. ಪಕ್ಕದ ಮೂರು ನಿಂತಿವೆ. ಹೊಗೆಸೊಪ್ಪು ಬಿಟ್ಟಿದ್ದಾರೆ, ಅಡಿಕೆ ಇನ್ನೂ ಪೂರ್ತಿ ಬಿಟ್ಟಿಲ್ಲ. ಮೂರು ತಿಂಗಳ ಮೇಲೆ ತಪಾಸಣೆಗೆ ಬರುವಾಗ ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದರು. "ಇವಳಿಗೂ ಉಜ್ಜುವಾಗ ರಕ್ತ ಬರ್ತದಂತೆ ಡಾಕ್ಟ್ರೇ. ನೋವೇನೂ ಇಲ್ಲ ಅಂತಾಳೆ. ಅದಕ್ಕೇ ಕರ್ಕೊಂಡು ಬಂದೆ."

ನಮಸ್ಕಾರ.