ಕೇರಾಫ್ ಲ್ಯಾಪ್‌ಟಾಪ್

ಭಾನುವಾರ ಬೆಳಗ್ಗೆ, ಕುವೆಂಪುನಗರ. ಟೇಬಲ್ ಮೇಲೆ ಬಿಸ್ಕತ್ತಿನಷ್ಟಿರೋ ಹಸಿರು ಬೋರ್ಡ್ ಕಾಣ್ತಿದೆಯಲ್ಲ, ಅದು ರಾಸ್ಪ್‌ಬೆರಿ ಪೈ ಝೀರೋ ಅನ್ನೋ ಪುಟಾಣಿ ಕಂಪ್ಯೂಟರ್. 2015ರಲ್ಲಿ ಬಂದಾಗ ಬೆಲೆ ಬರೀ 5 ಡಾಲರ್. ಆ ದುಡ್ಡಿಗೆ ವೈಫೈಯೂ ಇಲ್ಲ, ಲ್ಯಾನ್ ಕೇಬಲ್ ಚುಚ್ಚೋಕೆ ಜಾಗವೂ ಇಲ್ಲ. ಇದಕ್ಕೊಂದು ಸೆನ್ಸರ್ ಕಟ್ಟಿ ತಾರಸಿ ಬಿಸಿ ಅಳೀಬೇಕು ಅಂತ ನನ್ನಾಸೆ. ಅದರ ಸಾಫ್ಟ್‌ವೇರ್ ಇಳಿಸ್ಕೊಳ್ಳೋಕೆ ಇಂಟರ್‌ನೆಟ್ ಬೇಕು. ಲ್ಯಾಪ್‌ಟಾಪ್ ಹೇಗೂ ವೈಫೈನಲ್ಲಿದೆ, ಒಂದು ಯುಎಸ್‌ಬಿ ಕೇಬಲಲ್ಲಿ ಅದನ್ನೇ ಹಂಚೋಣ ಅಂದ್ಕೊಂಡೆ.

ಮೆಮೊರಿ ಕಾರ್ಡಿನ ಎರಡು ಫೈಲುಗಳಲ್ಲಿ ಒಂದೆರಡು ಪದ ಸೇರಿಸಿದ್ರೆ, ಪೈ ತಾನೊಂದು ನೆಟ್‌ವರ್ಕ್ ಕಾರ್ಡ್ ಅಂತ ಲ್ಯಾಪ್‌ಟಾಪ್‌ಗೆ ಹೇಳ್ಕೊಳ್ಳುತ್ತೆ. ಸಿಎಂಡಿಲೈನ್ ಅನ್ನೋ ಫೈಲಲ್ಲಿ ಮಾತ್ರ ಅಪ್ಪಿತಪ್ಪಿಯೂ ಎಂಟರ್ ಒತ್ಬೇಡಿ, ಅಲ್ಲಿ ಎಲ್ಲ ಒಂದೇ ಸಾಲಲ್ಲಿರ್ಬೇಕು.

ಈಗ ಹತ್ರದಿಂದ ನೋಡಿ. ಅಕ್ಕಪಕ್ಕ ಎರಡು ತೂತು, ಅವಳಿ ಜವಳಿ ಥರ. ಅಂಚಿನದು ಬರೀ ಕರೆಂಟಿಗೆ. ಒಳಗಡೆ ಇರೋದ್ರಲ್ಲಿ ಮಾತ್ರ ಡೇಟಾ ಹೋಗುತ್ತೆ. ನಾನು ಅಂಚಿನದಕ್ಕೆ ಚುಚ್ಚಿ, ಹಸಿರು ದೀಪ ಮಿಣುಕೋದು ನೋಡ್ತಾ ಒಂದೂವರೆ ಗಂಟೆ ಕೂತಿದ್ದೆ. ತೂತು ಬದಲಾಯಿಸಿದೆ, ಆಗ್ಲೂ ಸುದ್ದಿಯಿಲ್ಲ. ಕೇಬಲ್ ಚಾರ್ಜಿಂಗಿನದು, ಒಳಗೆ ಡೇಟಾ ತಂತಿಯೇ ಇಲ್ಲ! ಹಳೇ ಫೋನಿನ ಕೇಬಲ್ ಹಾಕಿದ ಮೇಲೆ ಕಣ್ಬಿಡ್ತು.

ನನ್ನ ಲ್ಯಾಪ್‌ಟಾಪಲ್ಲಿರೋದು ಉಬುಂಟು, ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್. ಹೊಸದಾಗಿ ಕಾಣಿಸ್ಕೊಂಡ ಯುಎಸ್‌ಬಿ ಕನೆಕ್ಷನ್ನಿನ ಐಪಿವಿ4 ಅನ್ನೋ ವಿಳಾಸದ ಸೆಟ್ಟಿಂಗಲ್ಲಿ 'ಶೇರ್ಡ್ ಟು ಅದರ್ ಕಂಪ್ಯೂಟರ್ಸ್' ಆರಿಸಿದೆ. ವಿಂಡೋಸ್‌ನಲ್ಲಿ ಇದು ಉಲ್ಟಾ: ವೈಫೈ ಪ್ರಾಪರ್ಟೀಸಿಗೆ ಹೋಗಿ ಶೇರಿಂಗ್ ಟ್ಯಾಬಲ್ಲಿ ಟಿಕ್ ಹಾಕ್ಬೇಕು. ವಿಂಡೋಸಲ್ಲಿ ಕೊಡೋನ ಕಡೆ, ಉಬುಂಟುನಲ್ಲಿ ತಗೊಳ್ಳೋನ ಕಡೆ. ತಲೆ ಕೆಡೋದೇ ಇಲ್ಲಿ.

ಆಮೇಲೆ ಲ್ಯಾಪ್‌ಟಾಪ್ ತಾನು 10.42.0.1 ಅನ್ನೋ ನೆಟ್‌ವರ್ಕ್ ವಿಳಾಸ ಇಟ್ಕೊಂಡು, ಅದೇ ಸಾಲಲ್ಲಿ ಪೈಗೊಂದು ವಿಳಾಸ ಕೊಡ್ತು. ಪಿಜಿ ಹುಡುಗರ ಕೊರಿಯರ್ ಓನರ್ ವಿಳಾಸಕ್ಕೆ ಬರಲ್ವಾ, ಹಾಗೇ ಇದು. ಪೈ ಕೇಳಿದ್ದೆಲ್ಲ ಲ್ಯಾಪ್‌ಟಾಪ್ ಹೆಸರಲ್ಲೇ ಹೋಗುತ್ತೆ, ಬಂದಿದ್ದನ್ನ ಅದು ಒಳಗೆ ದಾಟಿಸುತ್ತೆ. ಮನೆ ರೂಟರಿಗೆ ಪೈ ಅಂತೊಂದು ಇದೆ ಅನ್ನೋದೇ ಗೊತ್ತಿಲ್ಲ. ಲ್ಯಾಪ್‌ಟಾಪ್ ಮುಚ್ಚಿದ್ರೆ ಮಾತ್ರ ಇದಕ್ಕೂ ಉಪವಾಸ.

ಪರದೆ ಮೇಲೆ ಅಪ್‌ಡೇಟ್ ಸಾಲುಗಳು ಓಡ್ತಿವೆ ನೋಡಿ. ಅಷ್ಟರಲ್ಲಿ ಓನರ್ ಆಂಟಿ, ಸಂಡಿಗೆ ತಟ್ಟೆ ಕೈಲಿ ಹಿಡ್ಕೊಂಡು ಬಾಗಿಲಲ್ಲೇ ನಿಂತ್ರು.

"ಏನಪ್ಪಾ ಅದು?"

"ತಾರಸಿ ಎಷ್ಟು ಕಾದಿದೆ ಅಂತ ಹೇಳುತ್ತೆ ಆಂಟಿ."

"ಅದಕ್ಕೆ ಇಷ್ಟೆಲ್ಲಾನಾ? ಬರಿಗಾಲಲ್ಲಿ ಹೋಗಿ ನಿಂತ್ಕೋ, ಗೊತ್ತಾಗುತ್ತೆ."