ಹಳೇ ಲ್ಯಾಪ್‌ಟಾಪ್‌ನಲ್ಲಿ ಹೋಮ್ ಅಸಿಸ್ಟೆಂಟ್: ಯಾವ ದಾರಿ ಹಿಡಿಯಬೇಕು?

[ಪರದೆಯಲ್ಲಿ: ಮೇಜಿನ ಮೇಲೆ ಹಳೇ ಲ್ಯಾಪ್‌ಟಾಪ್, ರಾಸ್‌ಬೆರಿ ಪೈ, ಮಿನಿ ಪಿಸಿ]

ನಮಸ್ಕಾರ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಹಳೇ ಪ್ರೊಸೆಸರ್‌ಗಳನ್ನು ಅದು ಒಪ್ಪುವುದಿಲ್ಲ. ಹೀಗಾಗಿ ಚೆನ್ನಾಗಿಯೇ ಓಡುವ ಎಷ್ಟೋ ಲ್ಯಾಪ್‌ಟಾಪ್‌ಗಳು ಬೀರು ಸೇರಿವೆ. ನಿಮ್ಮ ಮನೆಯಲ್ಲೂ ಒಂದಿದ್ದರೆ ಗುಜರಿಗೆ ಹಾಕಬೇಡಿ. ಲೈಟು, ಗೀಸರ್, ನೀರಿನ ಟ್ಯಾಂಕು ಎಲ್ಲವನ್ನೂ ನೋಡಿಕೊಳ್ಳುವ ಸರ್ವರ್ ಆಗುವಷ್ಟು ಶಕ್ತಿ ಅದಕ್ಕೆ ಇನ್ನೂ ಇದೆ.

ಇದಕ್ಕೆ ಬೇಕಾದ ಸಾಫ್ಟ್‌ವೇರ್ ಹೋಮ್ ಅಸಿಸ್ಟೆಂಟ್. 2013ರಲ್ಲಿ ಪೌಲಸ್ ಸ್ಖೌಟ್ಸನ್ ಶುರು ಮಾಡಿದ್ದು, ಈಗ ಓಪನ್ ಹೋಮ್ ಫೌಂಡೇಶನ್ ಅನ್ನುವ ಲಾಭರಹಿತ ಸಂಸ್ಥೆಯ ಕೈಯಲ್ಲಿದೆ. ಪುಕ್ಕಟೆ, ಮತ್ತು ಮನೆಯೊಳಗೇ ಓಡುತ್ತದೆ. ಇಂಟರ್ನೆಟ್ ಹೋದರೂ ಜಿಗ್‌ಬೀ ಸ್ವಿಚ್, ಅಂದರೆ ವೈ-ಫೈ ಇಲ್ಲದೆ ತನ್ನದೇ ರೇಡಿಯೋದಲ್ಲಿ ಮಾತಾಡುವ ಸ್ವಿಚ್, ಕೆಲಸ ನಿಲ್ಲಿಸುವುದಿಲ್ಲ. ಇಷ್ಟು ಪರಿಚಯ ಸಾಕು. ಇವತ್ತಿನ ಪ್ರಶ್ನೆ ಇದನ್ನು ಕೂರಿಸುವುದು ಹೇಗೆ ಅನ್ನುವುದು.

ಮೊದಲು ಒಂದು ಎಚ್ಚರಿಕೆ. ಹಳೇ ವಿಡಿಯೋಗಳಲ್ಲಿ ನಾಲ್ಕು ದಾರಿ ಹೇಳುತ್ತಾರೆ: ಓಎಸ್, ಕಂಟೇನರ್, ಸೂಪರ್‌ವೈಸ್ಡ್, ಕೋರ್. ಕೊನೆಯ ಎರಡನ್ನು ಕೈಬಿಡುವುದಾಗಿ 2025ರ ಮೇ ತಿಂಗಳಲ್ಲೇ ಹೇಳಿದರು, ಆ ವರ್ಷದ ಡಿಸೆಂಬರ್ ಆವೃತ್ತಿಯ ಹೊತ್ತಿಗೆ ಬೆಂಬಲ ನಿಂತಿತು. ಜೊತೆಗೆ 32 ಬಿಟ್ ಯಂತ್ರಗಳೂ ಹೊರಬಿದ್ದವು. ಡೆಬಿಯನ್ ಲಿನಕ್ಸ್ ಮೇಲೆ ಸೂಪರ್‌ವೈಸ್ಡ್ ಹಾಕಿ ಅಂತ ಹೇಳುವ ವಿಡಿಯೋ ಕಂಡರೆ ಅದರ ತಾರೀಖು ನೋಡಿ, ಮುಚ್ಚಿ. ಹಳೇ ಫೋನಿನಲ್ಲಿ ಟರ್ಮಕ್ಸ್ ಅನ್ನುವ ಆ್ಯಪ್ ಹಾಕಿ ಓಡಿಸುವ ಉಪಾಯವೂ ಇದೇ ಗುಂಪಿಗೆ ಸೇರಿದ್ದು. ಆಟಕ್ಕೆ ಸರಿ, ಮನೆಯ ಗೀಸರ್ ಒಪ್ಪಿಸುವುದಕ್ಕಲ್ಲ.

ಹಾಗಾಗಿ ಉಳಿದಿರುವುದು ಎರಡೇ.

[ಪರದೆಯಲ್ಲಿ: ಎಡಕ್ಕೆ 'ಓಎಸ್', ಬಲಕ್ಕೆ 'ಕಂಟೇನರ್']

ಹೋಮ್ ಅಸಿಸ್ಟೆಂಟ್ ಓಎಸ್ ಅಂದರೆ ಇಡೀ ಯಂತ್ರ ಅದಕ್ಕೇ ಸೇರಿದ್ದು. ಡಿಸ್ಕ್ ಪೂರ್ತಿ ಅಳಿಸಿ ಅದೊಂದೇ ಕೂರುತ್ತದೆ, ಫೋಟೋ ಗೀಟೋ ಇದ್ದರೆ ಮೊದಲೇ ತೆಗೆದಿಟ್ಟುಕೊಳ್ಳಿ. ಅಪ್‌ಡೇಟ್ ಮಾಡುವುದು ಒಂದು ಬಟನ್. ಜಿಗ್‌ಬೀ ಸಾಧನಗಳನ್ನು ಜೋಡಿಸುವ ಜಿಗ್‌ಬೀ2ಎಂಕ್ಯೂಟಿಟಿ, ಸಾಧನಗಳ ಸಂದೇಶ ಸಾಗಿಸುವ ಮಾಸ್ಕಿಟೋ, ಚಿಕ್ಕ ವೈ-ಫೈ ಬೋರ್ಡುಗಳಿಗೆ ಕೆಲಸ ಕಲಿಸುವ ಇಎಸ್‌ಪಿಹೋಮ್ ಇವೆಲ್ಲ ಆ್ಯಡ್-ಆನ್ (ಜೊತೆಗೆ ಹಾಕಿಕೊಳ್ಳುವ ಆ್ಯಪ್) ಆಗಿ ಅದರೊಳಗೇ ಸಿಗುತ್ತವೆ.

ಕಂಟೇನರ್ ಅಂದರೆ ನಿಮ್ಮದೇ ಲಿನಕ್ಸ್ ಮೇಲೆ ಡಾಕರ್ (ಒಂದೊಂದು ಸಾಫ್ಟ್‌ವೇರನ್ನೂ ಬೇರೆ ಬೇರೆ ಡಬ್ಬಿಯಲ್ಲಿಟ್ಟಂತೆ ಓಡಿಸುವ ವ್ಯವಸ್ಥೆ) ಹಾಕಿ, ಅದರೊಳಗೆ ಹೋಮ್ ಅಸಿಸ್ಟೆಂಟನ್ನು ಓಡಿಸುವುದು. ಇಲ್ಲಿ ಆ್ಯಡ್-ಆನ್ ಇಲ್ಲ. ಈಗ ಹೇಳಿದ ಮಾಸ್ಕಿಟೋ, ಇಎಸ್‌ಪಿಹೋಮ್ ಒಂದೊಂದನ್ನೂ ಬೇರೆ ಬೇರೆ ಕಂಟೇನರ್ ಮಾಡಿ ನೀವೇ ಜೋಡಿಸಬೇಕು. ಲಿನಕ್ಸ್ ಅಪ್‌ಡೇಟ್ ಕೂಡ ನಿಮ್ಮದೇ ಕೆಲಸ. ಗೊತ್ತಿರುವವರಿಗೆ ಇದೇನೂ ಕಷ್ಟ ಅಲ್ಲ. ಇನ್ನೊಂದು ಮಾತು, ವಿಂಡೋಸ್ ಮೇಲೆ ಡಾಕರ್ ಡೆಸ್ಕ್‌ಟಾಪ್ ಹಾಕಿ ನಡೆಸುವ ಯೋಚನೆ ಬೇಡ. ಅದಕ್ಕೆ ಬೆಂಬಲ ಇಲ್ಲ. ನೆಟ್‌ವರ್ಕ್‌ನಲ್ಲಿರುವ ಸಾಧನಗಳನ್ನು ತಾನೇ ಹುಡುಕುವ ಕೆಲಸ ಅಲ್ಲಿ ಕೆಡುತ್ತದೆ.

ಯಾವುದು ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ನಾನು ತಿರುಗಿ ಕೇಳುವ ಪ್ರಶ್ನೆ ಬೇರೆ. ನೀವು ಊರಲ್ಲಿ ಇಲ್ಲದಾಗ ಇದು ಕೆಟ್ಟರೆ ಮನೆಯಲ್ಲಿ ಯಾರು ಸರಿ ಮಾಡುತ್ತಾರೆ? ಓಎಸ್ ಇದ್ದರೆ ಫೋನಿನಲ್ಲಿ, 'ಅಮ್ಮಾ, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡು, ಮತ್ತೆ ಆನ್ ಮಾಡು' ಅಂದರೆ ಹೆಚ್ಚಿನ ಸಲ ಸಾಕು. ಕಂಟೇನರ್‌ನಲ್ಲಿ ನಾಲ್ಕೈದು ತುಂಡು ಒಟ್ಟಿಗೆ ಏಳಬೇಕು. ಒಂದು ಏಳದಿದ್ದರೆ ಅದು ಯಾವುದು ಅಂತ ಹುಡುಕಲು ನೀವೇ ಬೇಕು. ಆದ್ದರಿಂದ ಬಿಡುವಾಗಿರುವ ಯಂತ್ರಕ್ಕೆ ಇದೊಂದೇ ಕೆಲಸ ಅಂತಾದರೆ ನನ್ನ ಓಟು ಓಎಸ್‌ಗೆ. ಮನೆಯಲ್ಲಿ ಆಗಲೇ ಲಿನಕ್ಸ್ ಸರ್ವರ್ ಓಡುತ್ತಿದ್ದು, ಫೋಟೋ ಬ್ಯಾಕಪ್, ಸಿನಿಮಾ ಸಂಗ್ರಹ ಎಲ್ಲ ಅದರಲ್ಲೇ ಇದ್ದರೆ ಕಂಟೇನರ್.

ಮಧ್ಯದ ದಾರಿಯೊಂದಿದೆ, ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್. ಅದಕ್ಕೆಂದೇ ಇರುವ ಪ್ರಾಕ್ಸ್‌ಮಾಕ್ಸ್ ಹಾಕಿ ಅದರೊಳಗೆ ಇದೇ ಓಎಸ್ ಓಡಿಸುವುದು. ಅಪ್‌ಡೇಟ್‌ಗೆ ಮೊದಲು ಒಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ಪ್ರತಿ) ತೆಗೆದಿಟ್ಟರೆ ಕೆಟ್ಟಾಗ ಕ್ಷಣದಲ್ಲಿ ಹಿಂದಕ್ಕೆ ಬರಬಹುದು. 8 ಜಿಬಿ ರ‍್ಯಾಮ್ ಇದ್ದು, ಇಂಥದ್ದರಲ್ಲಿ ಆಸಕ್ತಿಯೂ ಇದ್ದರೆ ಮಾಡಿ. 4 ಜಿಬಿ ಲ್ಯಾಪ್‌ಟಾಪ್‌ಗೆ ಸುಮ್ನೆ ಭಾರ. ವಿಂಡೋಸ್ ಮೇಲೆ ವರ್ಚುವಲ್‌ಬಾಕ್ಸ್ ಹಾಕಿ ವರ್ಚುವಲ್ ಮಷೀನ್ ಓಡಿಸಿದರೆ? ಒಂದು ವಾರ ರುಚಿ ನೋಡಲು ಸರಿ. ಆಮೇಲೆ ಒಂದು ರಾತ್ರಿ ವಿಂಡೋಸ್ ತಾನೇ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆಗುತ್ತದೆ, ಬೆಳಗ್ಗೆ ಗೀಸರ್ ಆನ್ ಆಗಿರುವುದಿಲ್ಲ.

[ಪರದೆಯಲ್ಲಿ: ವ್ಯಾಟ್ ಮೀಟರ್]

ಈಗ ಯಂತ್ರದ ವಿಷಯ. ಸರ್ವರ್ ಅಂದರೆ ದಿನಕ್ಕೆ 24 ಗಂಟೆ ಓಡುವುದು, ಹಾಗಾಗಿ ಮೊದಲು ಕರೆಂಟಿನ ಲೆಕ್ಕ. ಪರದೆ ಆರಿಸಿದ ಹಳೇ ಲ್ಯಾಪ್‌ಟಾಪ್ ಸುಮ್ಮನಿರುವಾಗ 10 ವ್ಯಾಟ್ ಆಸುಪಾಸು ತಿನ್ನುತ್ತದೆ. ತಿಂಗಳಿಗೆ 7 ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. ಚಿಕ್ಕ ಮಿನಿ ಪಿಸಿಯೂ ಹೆಚ್ಚುಕಮ್ಮಿ ಅಷ್ಟೇ. ಅಂಗೈಯಗಲದ ಕಂಪ್ಯೂಟರ್ ಬೋರ್ಡ್ ರಾಸ್‌ಬೆರಿ ಪೈ 4 ಇದಕ್ಕಿಂತ ಕಡಿಮೆ, 5 ವ್ಯಾಟ್ ಒಳಗೆ. ಆದರೆ ಮೂಲೆಯಲ್ಲಿರುವ ಹಳೇ ಟವರ್ ಡೆಸ್ಕ್‌ಟಾಪ್ ಸುಮ್ಮನೆ ಕೂತರೂ 50 ವ್ಯಾಟ್ ಎಳೆಯಬಹುದು, ಅಂದರೆ ತಿಂಗಳಿಗೆ 36 ಯೂನಿಟ್. ಕರ್ನಾಟಕದಲ್ಲಿ ಗೃಹಜ್ಯೋತಿ ಇರುವ ಮನೆಯವರು ಇದನ್ನು ಸರಿಯಾಗಿ ನೋಡಬೇಕು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಲ್ವಾ? ಈಗಲೇ 170ರ ಹತ್ತಿರ ಇರುವವರನ್ನು ಆ ಡೆಸ್ಕ್‌ಟಾಪ್ ಒಂದೇ ಗೆರೆ ದಾಟಿಸಿಬಿಡುತ್ತದೆ. ಪುಕ್ಕಟೆ ಸಿಕ್ಕಿತು ಅಂತ ಅದನ್ನು ಸರ್ವರ್ ಮಾಡಬೇಡಿ.

ಹಾಗಿದ್ದರೆ ಎಲ್ಲಕ್ಕಿಂತ ಕಡಿಮೆ ತಿನ್ನುವ ಪೈ ಇರಬೇಕಲ್ಲ ಅನ್ನಬಹುದು. ಕೈಯಲ್ಲಿ ಆಗಲೇ ಇದ್ದರೆ ಬಳಸಿ, ಆದರೆ ಎಸ್‌ಡಿ ಕಾರ್ಡ್ ಮೇಲೆ ಬೇಡ. ಹೋಮ್ ಅಸಿಸ್ಟೆಂಟ್ ಪ್ರತಿ ಸೆನ್ಸರಿನ ಬದಲಾವಣೆಯನ್ನೂ ಡೇಟಾಬೇಸ್‌ಗೆ ಬರೆಯುತ್ತಲೇ ಇರುತ್ತದೆ, ತಾನಾಗಿ 10 ದಿನದ್ದು ಇಟ್ಟುಕೊಳ್ಳುತ್ತದೆ. ಹೀಗೆ ಹಗಲೂ ರಾತ್ರಿ ಬರೆದರೆ ಸಾಮಾನ್ಯ ಕಾರ್ಡು ಸವೆಯುತ್ತದೆ. ಕರೆಂಟ್ ದಿಢೀರ್ ಅಂತ ಹೋದರಂತೂ ಅರ್ಧ ಬರೆದ ಫೈಲು ಕೆಡುವುದು ಗ್ಯಾರಂಟಿ ಅಲ್ಲದಿದ್ದರೂ ಅಪರೂಪವೇನಲ್ಲ. ಎಸ್‌ಎಸ್‌ಡಿ ಹಾಕಿ. ಎಸ್‌ಎಸ್‌ಡಿ, ಒಳ್ಳೆಯ ಅಡಾಪ್ಟರ್, ಬಾಕ್ಸ್ ಎಲ್ಲ ಹೊಸದಾಗಿ ತರುವಷ್ಟರಲ್ಲಿ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿಯನ್ನೂ ವಿಚಾರಿಸಿ ನೋಡುವುದು ಒಳ್ಳೆಯದು. ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಲೆನೊವೊ ಥಿಂಕ್‌ಸೆಂಟರ್ ಟೈನಿ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ, ಇವು ಆಫೀಸುಗಳಿಂದ ಹೊರಬಂದ ಗಟ್ಟಿ ಮಾಲು.

ಲ್ಯಾಪ್‌ಟಾಪನ್ನು ನಾನು ಮೊದಲು ಇಡಲು ಕಾರಣ ಒಂದೇ, ಬ್ಯಾಟರಿ. ಅರ್ಧ ಗಂಟೆ ಮಾತ್ರ ತಡೆಯುತ್ತದೆ ಅಂತ ನೀವು ಬಿಸಾಕಲು ಹೊರಟ ಲ್ಯಾಪ್‌ಟಾಪ್, ಪರದೆ ಆರಿಸಿ ಸುಮ್ಮನೆ ಕೂತರೆ ಇನ್ನೂ ಜಾಸ್ತಿ ಹೊತ್ತು ನಿಲ್ಲುತ್ತದೆ. ಪದೇ ಪದೇ ಕರೆಂಟ್ ಹೋಗಿ ಬರುವ ಊರಿನಲ್ಲಿ ಇದು ಕೈಗೆ ಬಂದ ಯುಪಿಎಸ್. ರೂಟರ್‌ಗೂ ಒಂದು 12 ವೋಲ್ಟ್ ಮಿನಿ ಯುಪಿಎಸ್ ಕೊಡಿ, ಇಲ್ಲದಿದ್ದರೆ ಸರ್ವರ್ ಒಂದೇ ಎದ್ದಿದ್ದು ಏನು ಪ್ರಯೋಜನ?

ಬ್ಯಾಟರಿಯಲ್ಲಿ ಅಪಾಯವೂ ಇದೆ. ಕೀಬೋರ್ಡ್ ಅಥವಾ ಟಚ್‌ಪ್ಯಾಡ್ ಸ್ವಲ್ಪ ಮೇಲೆದ್ದಿದ್ದರೆ ಒಳಗೆ ಬ್ಯಾಟರಿ ಉಬ್ಬಿದೆ ಅಂತ ಅರ್ಥ. ಅದನ್ನು ಚುಚ್ಚಬೇಡಿ, ಒತ್ತಬೇಡಿ, ಅಂಗಡಿಯಲ್ಲಿ ತೆಗೆಸಿ. ಬಯೋಸ್‌ನಲ್ಲಿ (ಯಂತ್ರ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ಸ್ ಮೆನು) ಚಾರ್ಜನ್ನು 80 ಶೇಕಡಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ ಹಾಕಿಡಿ. ಗಾಳಿ ಆಡುವ ಕಡೆ ಇಡಿ, ಬಟ್ಟೆಯ ಬೀರುವಿನೊಳಗೆ ಬೇಡ.

[ಪರದೆಯಲ್ಲಿ: ಬಯೋಸ್ ಮೆನು]

ಕೂರಿಸುವಾಗ ಎಡವುವ ಜಾಗಗಳನ್ನು ಬೇಗ ಹೇಳಿಬಿಡುತ್ತೇನೆ. ಬಯೋಸ್ ಮೆನುವಿನಲ್ಲಿ ಯುಇಎಫ್‌ಐ ಬೂಟ್ ಆಯ್ಕೆ ಆಗಿರಬೇಕು, ಸೆಕ್ಯೂರ್ ಬೂಟ್ ಆಫ್ ಇರಬೇಕು. ಪೆನ್‌ಡ್ರೈವ್‌ನಿಂದಲೇ ಓಡುವ ಉಬುಂಟು ಲೈವ್ ಲಿನಕ್ಸ್ ತೆರೆದು, ಹೋಮ್ ಅಸಿಸ್ಟೆಂಟ್ ಓಎಸ್‌ನ ಜೆನೆರಿಕ್ ಎಕ್ಸ್86-64 ಇಮೇಜ್ ಫೈಲನ್ನು ಒಳಗಿನ ಡಿಸ್ಕಿಗೆ ಬರೆಯಿರಿ. ಮೊದಲ ಸಲ ಲ್ಯಾನ್ ಕೇಬಲ್ ಹಾಕಿಯೇ ಶುರು ಮಾಡಿ. ಆಮೇಲೆ ಲ್ಯಾಪ್‌ಟಾಪ್ ಪರದೆ ಮೇಲೆ ಕಾಣುವ ವಿಳಾಸವನ್ನು, ಕೊನೆಗೆ ಪೋರ್ಟ್ ಸಂಖ್ಯೆ :8123 ಸೇರಿಸಿ, ಫೋನಿನ ಬ್ರೌಸರ್‌ನಲ್ಲಿ ತೆರೆಯಿರಿ. ಮುಚ್ಚಳ ಮುಚ್ಚಿ, ಆಗಲೂ ಪುಟ ತೆರೆಯುತ್ತದಾ ಅಂತ ನೋಡಿ. ಮಿನಿ ಪಿಸಿ ಆದರೆ ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗುವ ಆಯ್ಕೆ ಬಯೋಸ್‌ನಲ್ಲಿ ಇರುತ್ತದೆ, ಅದನ್ನು ಮರೆಯಬೇಡಿ.

ಜಿಗ್‌ಬೀ ಡಾಂಗಲ್ (ಜಿಗ್‌ಬೀ ಸಾಧನಗಳ ಜೊತೆ ಮಾತಾಡುವ ಯುಎಸ್‌ಬಿ ಕಡ್ಡಿ) ಇದ್ದರೆ ಅದನ್ನು ನೇರವಾಗಿ ಲ್ಯಾಪ್‌ಟಾಪ್‌ನ ನೀಲಿ ಯುಎಸ್‌ಬಿ 3 ಕಿಂಡಿಗೆ ಚುಚ್ಚಬೇಡಿ. ಯುಎಸ್‌ಬಿ 3ರ ಗದ್ದಲ 2.4 ಗಿಗಾಹರ್ಟ್ಸ್‌ನಲ್ಲೇ ಬೀಳುತ್ತದೆ, ಜಿಗ್‌ಬೀ ಮಾತಾಡುವುದೂ ಅಲ್ಲೇ. ಒಂದು ಯುಎಸ್‌ಬಿ 2 ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ದೂರ ಇಡಿ. ಪಕ್ಕದ ಕೋಣೆಯ ಸೆನ್ಸರ್ ಸಿಗುತ್ತಿಲ್ಲ ಅನ್ನುವ ಎಷ್ಟೋ ದೂರುಗಳು ಇಷ್ಟಕ್ಕೇ ಮುಗಿಯುತ್ತವೆ.

ನೀರಿನ ಮೋಟಾರ್ ಬಗ್ಗೆ ನನ್ನದು ಸ್ವಲ್ಪ ಹಟದ ಅಭಿಪ್ರಾಯ. ಟ್ಯಾಂಕ್ ತುಂಬಿದಾಗ ಮೋಟಾರ್ ನಿಲ್ಲಿಸುವ ತೀರ್ಮಾನವನ್ನು ಈ ಸರ್ವರ್‌ಗೆ ಬಿಡಬೇಡಿ. ಅಪ್‌ಡೇಟ್ ನಡೆಯುವ ಆ ಐದು ನಿಮಿಷದಲ್ಲೇ ಟ್ಯಾಂಕ್ ತುಂಬಿದರೆ ತಾರಸಿ ಎಲ್ಲ ನೀರು. ಇಎಸ್‌ಪಿಹೋಮ್‌ನಲ್ಲಿ ಆ ನಿಯಮವನ್ನು ಮೋಟಾರ್ ಪಕ್ಕದ ಇಎಸ್‌ಪಿ32 ಅನ್ನುವ ಚಿಕ್ಕ ವೈ-ಫೈ ಬೋರ್ಡಿನೊಳಗೇ ಬರೆಯಬಹುದು, ಟ್ಯಾಂಕಿನ ಸೆನ್ಸರ್ ವೈರನ್ನೂ ಅದಕ್ಕೇ ಎಳೆಯಿರಿ. ಇಷ್ಟು ನಿಮಿಷಕ್ಕಿಂತ ಜಾಸ್ತಿ ಓಡಬಾರದು ಅನ್ನುವ ಮಿತಿಯೂ ಅಲ್ಲೇ ಇರಲಿ. ಸರ್ವರ್ ಬರೀ ನೋಡಲಿ, ಲೆಕ್ಕ ಇಡಲಿ, ಫೋನಿಗೆ ಸುದ್ದಿ ಕಳಿಸಲಿ. ಹೀಗೆ ಮಾಡಿಟ್ಟರೆ ಸರ್ವರ್ ಒಂದು ದಿನ ಮಲಗಿದರೂ ಮನೆಯವರು ನಿಮ್ಮನ್ನು ಬೈಯುವುದಿಲ್ಲ.

ಕೊನೆಯದು ಬ್ಯಾಕಪ್. ಸೆಟ್ಟಿಂಗ್ಸ್‌ನಲ್ಲಿ ದಿನಾ ಬ್ಯಾಕಪ್ ಆನ್ ಮಾಡಿ, ಒಂದು ಪ್ರತಿ ಆ ಯಂತ್ರದ ಹೊರಗೆ ಹೋಗುವಂತೆ ಇಡಿ. 2025ರ ಜನವರಿ ಆವೃತ್ತಿಯಿಂದ ಈ ತಾನಾಗಿ ಆಗುವ ಬ್ಯಾಕಪ್‌ಗಳಿಗೆ ಸಾಮಾನ್ಯವಾಗಿ ಬೀಗ (ಎನ್‌ಕ್ರಿಪ್ಷನ್) ಬಿದ್ದಿರುತ್ತದೆ, ಬಿಚ್ಚಲು ಒಂದು ಕೀ ಬೇಕು. ಆ ಕೀಯನ್ನು ಎಮರ್ಜೆನ್ಸಿ ಕಿಟ್ ಅಂತ ಡೌನ್‌ಲೋಡ್ ಮಾಡಲು ಅದೇ ಹೇಳುತ್ತದೆ. ಪ್ರಿಂಟ್ ತೆಗೆದು ಮನೆ ಪತ್ರಗಳ ಜೊತೆ ಇಡಿ. ನಾಳೆ ಲ್ಯಾಪ್‌ಟಾಪ್ ಪೂರ್ತಿ ಕೈಕೊಟ್ಟರೆ ಮಿನಿ ಪಿಸಿಯಲ್ಲಿ ಓಎಸ್ ಬರೆದು, ಮೊದಲ ಪರದೆಯಲ್ಲೇ ಆ ಬ್ಯಾಕಪ್ ಕೊಟ್ಟು, ಅದೇ ಡಾಂಗಲನ್ನು ಅದಕ್ಕೆ ಚುಚ್ಚಿದರೆ ಆಯಿತು. ಸ್ವಿಚ್ಚುಗಳನ್ನು ಒಂದೊಂದಾಗಿ ಮತ್ತೆ ಸೇರಿಸುತ್ತ ಕೂರಬೇಕಿಲ್ಲ.